ಮಗಳಿಗೆ ಜ್ವರ, ಇವತ್ತು ಕ್ಲಾಸ್ ಇಲ್ಲ

ಫೆಬ್ರವರಿಯ ಒಂದು ಮಂಗಳವಾರ. ಬೆಳಿಗ್ಗೆ ಆರೂವರೆಗೆ ಮಗಳ ಹಣೆ ಮುಟ್ಟಿದರೆ ಕೆಂಡದ ಹಾಗೆ ಸುಡುತ್ತಿತ್ತು. ಹತ್ತೂಕಾಲಿಗೆ ನನ್ನ ಕ್ಲಾಸು. ವಿದ್ಯಾರ್ಥಿಗಳಿಗೆ ಒಂದು ಸಾಲು ಬರೆದೆ: ಮಗಳಿಗೆ ಜ್ವರ, ಇವತ್ತು ಪಾಠ ಇಲ್ಲ, ಗುರುವಾರ ಸೇರೋಣ. ವಿಭಾಗದ ಮುಖ್ಯಸ್ಥೆಗೂ ಅದನ್ನೇ ಕಳಿಸಿದೆ. ಬೇಗ ಹುಷಾರಾಗಲಿ ಅಂತ ಉತ್ತರ ಬಂತು. ಅಷ್ಟೇ. ಹೆಂಡತಿ ಮನೇಲಿಲ್ವಾ ಅಂತ ಯಾರೂ ಕೇಳಲಿಲ್ಲ.

ನಾನಿರುವುದು ಸ್ವೀಡನ್ನಿನ ಲುಂಡ್‌ನಲ್ಲಿ. 1666ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರುವ ಊರು. ಸಾಹಿತ್ಯ ಪಾಠ ಮಾಡುತ್ತೇನೆ. ಇಲ್ಲಿ ಹತ್ತು ಗಂಟೆ ಕ್ಲಾಸ್ ಅಂದರೆ ಹತ್ತೂಕಾಲಿಗೆ ಶುರು. ಅದು ಹಳೇ ಕಾಲದಿಂದ ಬಂದ ರೂಢಿ. ನಾಲ್ಕು ವರ್ಷದ ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಓಡಿ ಬರುವ ನನಗೆ ಆ ಕಾಲು ಗಂಟೆ ದೊಡ್ಡ ಉಪಕಾರ. ಚಳಿಗಾಲದಲ್ಲಿ ಅವಳನ್ನು ಹೊರಡಿಸುವುದೇ ಒಂದು ಕೆಲಸ. ಮೈಗೆ ಉಣ್ಣೆ ಬಟ್ಟೆ, ಅದರ ಮೇಲೆ ಕತ್ತಿನಿಂದ ಕಾಲಿನ ತನಕ ಒಂದೇ ದಪ್ಪ ಉಡುಪು, ಬೂಟು, ಟೋಪಿ, ಎರಡು ಜೊತೆ ಕೈಗವಸು. ಹಿಮವಿದ್ದರೂ ಮಕ್ಕಳು ದಿನಾ ಹೊರಗೆ ಆಡುತ್ತಾರೆ. ಒದ್ದೆಯಾದ ಕೈಗವಸು ಒಣಗಿಸಲಿಕ್ಕೆ ಶಿಶುವಿಹಾರದಲ್ಲಿ ಬಿಸಿಗಾಳಿಯ ಬೀರು ಇದೆ.

ಮಗುವಿಗೆ ಹುಷಾರಿಲ್ಲ ಅಂತ ರಜೆ ಹಾಕುವುದಕ್ಕೆ ಇಲ್ಲಿ ಒಂದು ಪುಟ್ಟ ಪದವಿದೆ, ವಾಬ್. ಸಂಬಳದ ಸುಮಾರು ಶೇಕಡಾ 80ರಷ್ಟು ಸರ್ಕಾರದ ವಿಮೆಯಿಂದ ಬರುತ್ತದೆ, ಅದಕ್ಕೊಂದು ಮಿತಿ ಇದೆ. ಒಂದು ಮಗುವಿಗೆ ವರ್ಷಕ್ಕೆ 120 ದಿನದವರೆಗೆ. ಮೊದಲ ವಾರ ಡಾಕ್ಟರ ಚೀಟಿಯೂ ಬೇಡ. ಅಪ್ಪನೋ ಅಮ್ಮನೋ, ಯಾರಾದರೂ ತಗೊಳ್ಳಬಹುದು. ಶೀತ ಜ್ವರ ಜಾಸ್ತಿಯಾಗುವ ಫೆಬ್ರವರಿಯನ್ನು ಜನ ವಾಬ್ರುವರಿ ಅಂತಲೇ ಕರೆಯುತ್ತಾರೆ.

ನಮ್ಮಪ್ಪ ಸಾಗರದಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ಮೂವತ್ತು ವರ್ಷದಲ್ಲಿ ಒಂದು ಪಿರಿಯಡ್ಡೂ ತಪ್ಪಿಸಿದವರಲ್ಲ ಅಂತ ಅವರ ಬೀಳ್ಕೊಡುಗೆಯಲ್ಲಿ ಎಲ್ಲರೂ ಹೊಗಳಿದರು. ನನಗೂ ಹೆಮ್ಮೆಯಾಗಿತ್ತು. ಅಮ್ಮನೂ ಟೀಚರ್. ನನಗೆ ದಡಾರ ಎದ್ದಾಗ, ತಂಗಿ ಕೈ ಮುರಿದುಕೊಂಡಾಗ ರಜೆ ಹಾಕಿದ್ದು ಅಮ್ಮ. ಅಮ್ಮನ ಬೀಳ್ಕೊಡುಗೆಯಲ್ಲಿ ಆ ಮಾತು ಬರಲಿಲ್ಲ. ಅಪ್ಪನ ತಪ್ಪದ ಪಿರಿಯಡ್ಡುಗಳಲ್ಲಿ ಅಮ್ಮ ಹಾಕಿದ ರಜೆಗಳೂ ಸೇರಿದ್ದವು ಅನ್ನೋದು ನನಗೆ ಹೊಳೆದದ್ದು ಮಗಳು ಹುಟ್ಟಿದ ಮೇಲೆ.

ಇಲ್ಲಿನ ಗಂಡಸರು ಹುಟ್ಟಾ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. 1974ರಲ್ಲೇ ಈ ದೇಶ ಹೆರಿಗೆ ರಜೆಯನ್ನು ಅಪ್ಪ ಅಮ್ಮ ಇಬ್ಬರ ರಜೆಯಾಗಿ ಮಾಡಿತು. ಆದರೂ ಅಪ್ಪಂದಿರು ಮುಂದೆ ಬರಲಿಲ್ಲ. ಕೊನೆಗೆ 1995ರಲ್ಲಿ ಒಂದು ತಿಂಗಳನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಬಾರದ ಹಾಗೆ ಮಾಡಿದರು. ನೀನು ತಗೊಳ್ಳದಿದ್ದರೆ ಆ ರಜೆ ಹೋಯಿತು. ಈಗ ಒಟ್ಟು 480 ದಿನದಲ್ಲಿ ತಲಾ 90 ದಿನ ಹಾಗಿವೆ. ನಮ್ಮಲ್ಲಿ 2017ರ ತಿದ್ದುಪಡಿಯಿಂದ ತಾಯಿಗೆ 26 ವಾರ ಸಿಕ್ಕಿತು. ಬಹಳ ಒಳ್ಳೆಯದಾಯಿತು. ಆದರೆ ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ ಇರುವುದು 15 ದಿನ. ಬಾಣಂತಿಗೆ ಮೂರು ತಿಂಗಳು ಎಣ್ಣೆ ನೀರು ಹಾಕುವ ನಾಡಿನಲ್ಲಿ 15 ದಿನಕ್ಕೆ ಅಪ್ಪ ಏನು ಕಲಿತಾನು? ನಮ್ಮ ಕಾಲೇಜುಗಳಲ್ಲೂ ಅಪ್ಪನ ಹೆಸರಿಗೇ ಬರೆದ, ಅಮ್ಮನಿಗೆ ದಾಟಿಸಲಾಗದ ರಜೆ ಬರಬೇಕು.

ಆದರೆ ಇಲ್ಲಿ ರಜೆ ಸಿಗುತ್ತದೆ, ಅಜ್ಜಿ ಸಿಗುವುದಿಲ್ಲ. ಸಾಗರದಲ್ಲಿ ನನಗೆ ಜ್ವರ ಬಂದರೆ ಪಕ್ಕದ ಮನೆಯವರು ಗಂಜಿ, ಮೆಣಸಿನ ಸಾರು ತಂದುಕೊಡುತ್ತಿದ್ದರು. ಯಾರದೋ ಮಡಿಲು, ಯಾರದೋ ಕೈ. ಆ ಮಂಗಳವಾರ ಸಂಜೆಯವರೆಗೂ ನಮ್ಮ ಬಾಗಿಲು ಯಾರೂ ತಟ್ಟಲಿಲ್ಲ. ಹೆಂಡತಿ ಮಾಲ್ಮೋದಲ್ಲಿ ಕೆಲಸಕ್ಕೆ ಹೋಗಿದ್ದಳು. ನಾನು, ಮಗಳು, ಕಿಟಕಿಯಾಚೆ ಹಿಮ. ಫೋನಿನಲ್ಲಿ ಅಮ್ಮ ಮೊಮ್ಮಗಳನ್ನು ನೋಡಿ, "ಕಾಲಿಗೆ ಸಾಕ್ಸ್ ಹಾಕಿದ್ಯೇನೋ?" ಅಂತ ಮೂರು ಸಲ ಕೇಳಿದರು. ಅಲ್ಲಿಂದ ಅವರು ಇನ್ನೇನು ಮಾಡಬಲ್ಲರು?

ಮಧ್ಯಾಹ್ನ ಅಜ್ಜಿ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದೆ. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ತಡಿಯೇ, ಮಗುವಿಗೆ ನೀರು ಹಾಕ್ತಿದೀನಿ ಅಂತಾಳೆ ಗುಬ್ಬಕ್ಕ. ಮತ್ತೆ ತಟ್ಟಿದರೆ, ತಡಿಯೇ, ಹಾಲು ಕುಡಿಸ್ತಿದೀನಿ. ಮತ್ತೆ ತಟ್ಟಿದರೆ, ತಡಿಯೇ, ತೊಟ್ಟಿಲು ತೂಗ್ತಿದೀನಿ. ಈ ಗುಬ್ಬಕ್ಕನದು ಕಲ್ಲು ಮನಸ್ಸು ಅಂತ ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಕ್ಲಾಸಿನಲ್ಲೂ ಹಾಗೇ ಹೇಳಿದ್ದೆ.

ಮಗಳು ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಅಪ್ಪ, ಗುಬ್ಬಿ ಮಗೂನ ಅಪ್ಪ ಎಲ್ಲಿ? ಅವ್ನು ಬಾಗಿಲು ತೆಗೀಬಹುದಿತ್ತಲ್ವಾ?"

ಗುರುವಾರ ಹತ್ತೂಕಾಲಿಗೆ ಆ ಪ್ರಶ್ನೆಯಿಂದಲೇ ಪಾಠ ಶುರು ಮಾಡಿದೆ.