ಬಿಡಲೊಲ್ಲದ ಹಿಟ್ಟು

ನಮ್ಮ ತುಮಕೂರು ಸೀಮೆಯವರ ಕೈಗೆ ಒಂದು ಅಭ್ಯಾಸ ಅಂಟಿದೆ. ಕಲಸಿದ ಹಿಟ್ಟು ಸಿಕ್ಕಿದರೆ ಸಾಕು, ಉಂಡೆ ಕಟ್ಟಿಬಿಡುತ್ತೇವೆ. ಒತ್ತಿ, ಉರುಳಿಸಿ, ಒಂದು ಬಿರುಕೂ ಇಲ್ಲದ ಹಾಗೆ ನುಣ್ಣಗೆ. ಊಟದ ತಟ್ಟೆಗೆ ಇದು ಬಹಳ ಒಳ್ಳೆಯ ವಿದ್ಯೆ. ಹರಿಯುವ ನೀರಿನಲ್ಲಿ ಮೀನು ಹಿಡಿಯಲು ಹೋದರೆ ಇದೇ ವಿದ್ಯೆ ಮಾನ ಕಳೆಯುತ್ತದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗಾಳದ ದಾರಕ್ಕೆ ಒಂದು ಪುಟ್ಟ ತಂತಿ ಬುಟ್ಟಿ ಕಟ್ಟುತ್ತೇವೆ. ಫೀಡರ್ ಅಂತಾರೆ. ಸುತ್ತಲೂ ಜಾಲರಿ, ಒಂದು ಬದಿಗೆ ಸೀಸ. ಅದರೊಳಗೆ ಹಿಟ್ಟು ತುಂಬಿ ಎಸೆಯಬೇಕು. ಬುಟ್ಟಿ ತಳ ಮುಟ್ಟಿದ ಮೇಲೆ ಹಿಟ್ಟು ಸ್ವಲ್ಪ ಸ್ವಲ್ಪವೇ ಉದುರಿ ನೀರಿನ ಜೊತೆ ಕೆಳಕ್ಕೆ ಹರಿಯಬೇಕು. ಆ ವಾಸನೆ ಹಿಡಿದು ಮೀನು ಎದುರು ಈಜಿಕೊಂಡು ಬರುತ್ತದೆ. ಬಂದರೆ ಪಕ್ಕದಲ್ಲೇ ಕೊಕ್ಕೆ, ಕೊಕ್ಕೆಯಲ್ಲಿ ಎರೆಹುಳ. ಕೇಳೋಕೆ ಎಷ್ಟು ಸುಲಭ ಅಲ್ವಾ?

ನಮ್ಮ ಕಡೆ ಮೊದಲು ಹರಿಯುವ ನೀರು ಸಿಗಬೇಕಲ್ಲ! ಕೆರೆಗಳಲ್ಲಿ ಮೀನಿನ ಹಕ್ಕು ಯಾರೋ ಹರಾಜಿನಲ್ಲಿ ಹಿಡಿದಿರುತ್ತಾರೆ. ದಡದಲ್ಲಿ ಕೋಲು ಹಿಡಿದು ಕೂತರೆ ಮೀನಿಗಿಂತ ಮೊದಲು ಅವರ ಕಡೆಯ ಹುಡುಗರು ಬರುತ್ತಾರೆ. ಹೊಳೆಗಳಿವೆ, ಇಲ್ಲ ಅನ್ನುವಂತಿಲ್ಲ. ದೇವರಾಯನದುರ್ಗದ ಒಂದೇ ಬೆಟ್ಟದಲ್ಲಿ ಶಿಂಷಾ, ಜಯಮಂಗಲಿ ಎರಡೂ ಹುಟ್ಟುತ್ತವೆ. ಒಂದು ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ, ಇನ್ನೊಂದು ಉತ್ತರಕ್ಕೆ ಹೋಗಿ ಪಿನಾಕಿನಿ ಸೇರುತ್ತದೆ. ವರ್ಷದ ಬಹುಪಾಲು ಎರಡರಲ್ಲೂ ಮರಳೇ ಜಾಸ್ತಿ. ಹಾಗಾಗಿ ಮಳೆ ಚೆನ್ನಾಗಿ ಹುಯ್ದ ವರ್ಷ, ಎಡೆಯೂರು ದಾಟಿ ಮಾರ್ಕೋನಹಳ್ಳಿ ಡ್ಯಾಮಿನ ಕೆಳಗೆ, ರಭಸ ಇಳಿದ ಮೇಲೆ ನಾನೂ ನಮ್ಮ ಭಾವನೂ ಹೋಗುತ್ತೇವೆ.

ಆ ಡ್ಯಾಮಿನಲ್ಲಿ ಸೈಫನ್ ಇದೆ. ನೀರು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ತಾನಾಗಿಯೇ ಬಿಡುತ್ತದೆ. ಮಟ್ಟ ಇಳಿದರೆ ತಾನಾಗಿಯೇ ನಿಲ್ಲುತ್ತದೆ. ಅಷ್ಟು ದೊಡ್ಡ ಕಟ್ಟೆಗೆ ಯಾವಾಗ ಬಿಡಬೇಕು ಅನ್ನುವುದು ಗೊತ್ತು. ನಮ್ಮ ಬುಟ್ಟಿಗೆ ಮಾತ್ರ ಗೊತ್ತಿಲ್ಲ.

ಭಾವ ಮುದ್ದೆ ಕಟ್ಟುವುದರಲ್ಲಿ ಪಳಗಿದ ಕೈ. ಅಕ್ಕನೂ ಒಪ್ಪಿಕೊಂಡ ಮಾತು. ಅವರು ರಾಗಿ ಹಿಟ್ಟು, ಗೋಧಿ ಹಿಟ್ಟು ಸೇರಿಸಿ ಬೇಯಿಸಿಯೇ ತಂದಿದ್ದರು. ಬುಟ್ಟಿಗೆ ತುಂಬಿ, ಅಂಗೈಯಲ್ಲಿ ಒತ್ತಿ, ಬೆರಳಿಂದ ಸವರಿ ಎಸೆದರು. ಕಾದೆವು. ಒಂದು ಬೀಡಿ ಮುಗಿಯಿತು. ಎಳೆದು ನೋಡಿದರೆ ಹಿಟ್ಟು ಕಟ್ಟಿದ ಹಾಗೇ ಇದೆ. ಮೇಲೆ ಭಾವನ ಹೆಬ್ಬೆಟ್ಟಿನ ಗುರುತು, ಗೆರೆಗಳ ಸಮೇತ. ನೋಂದಣಿ ಕಚೇರಿಯಲ್ಲೂ ಅಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ.

"ಮೀನಿಗೆ ಇವತ್ತು ಹಸಿವಿಲ್ಲ ಕಣಯ್ಯ" ಅಂದರು ಭಾವ.

"ಹಸಿವಿರಬಹುದು ಭಾವ, ಬುಟ್ಟಿ ಒಡೆಯೋಕೆ ಅದರ ಹತ್ರ ಸುತ್ತಿಗೆ ಇಲ್ಲ" ಅಂದೆ.

ಮುಂದಿನ ಸಲ ಭಾವ ಹಟಕ್ಕೆ ಬಿದ್ದು ಬರೀ ಒಣ ಬೂಸಾ ತಂದರು. ನೀರು ತೋರಿಸಿದ್ದು ಹೆಸರಿಗೆ. ಕೋಲು ಬೀಸಿದ ಕೂಡಲೇ ಬುಟ್ಟಿ ಖಾಲಿ. ಹೊಳೆಗೆ ಬಿದ್ದದ್ದು ಬರೀ ತಂತಿ. ಬೂಸಾ ಎಲ್ಲ ಹಿಂದೆ ನಿಂತಿದ್ದ ನನ್ನ ತಲೆ ಮೇಲೆ, ಕಾಲರ್ ಒಳಗೆ, ತೆರೆದಿದ್ದ ಚಿತ್ರಾನ್ನದ ಡಬ್ಬಿಯಲ್ಲಿ. ದಡದಲ್ಲಿ ಮೇಯುತ್ತಿದ್ದ ಎಮ್ಮೆಯೊಂದು ನನ್ನ ಹೆಗಲನ್ನು ಮೂಸಲು ಬಂತು. ಅದರ ಯಜಮಾನರು ದೂರದಿಂದಲೇ ಕೂಗಿದರು: "ಏನೂ ಮಾಡಲ್ಲ ಸ್ವಾಮಿ, ಸುಮ್ನೆ ನಿಂತ್ಕಳಿ, ನೆಕ್ಕಿ ಹೋಯ್ತದೆ."

ನೆಕ್ಕಿಯೇ ಹೋಯಿತು.

ಆ ಯಜಮಾನರೇ ನಮ್ಮ ಬಕೆಟ್ ಇಣುಕಿ ನೋಡಿ, "ಹೊಳೆಗೆ ಯಾಕೆ ಎಸೀತೀರಿ, ಮೊದ್ಲು ಇದರಾಗೆ ಮುಳುಗಿಸಿ ನೋಡ್ರಲ್ಲ" ಅಂದರು. ಇಷ್ಟು ಸಣ್ಣ ಮಾತು ಇಬ್ಬರು ಓದಿದವರಿಗೆ ಹೊಳೆದಿರಲಿಲ್ಲ. ಬಕೆಟ್ ನೀರಿನಲ್ಲಿ ಬುಟ್ಟಿ ಇಳಿಸಿದರೆ ಎಲ್ಲ ಕಣ್ಣೆದುರೇ ನಡೆಯುತ್ತದೆ. ಮುಳುಗುವಾಗಲೇ ಒಡೆದರೆ ಹಿಟ್ಟು ಒಣಗಿದೆ ಅಂತ. ಐದು ನಿಮಿಷವಾದರೂ ಅಲುಗದಿದ್ದರೆ ಅಂಟು ಜಾಸ್ತಿ, ಇಲ್ಲ ಒತ್ತಿದ್ದು ಜಾಸ್ತಿ. ತಳ ಮುಟ್ಟಿದ ಮೇಲೆ ಅಂಚಿನಿಂದ ಪುಡಿ ಪುಡಿಯಾಗಿ ಬಿಚ್ಚಿಕೊಳ್ಳಬೇಕು. ಹರಿವು ಇದ್ದರೆ ನೀರೇ ಕೆರೆದು ಒಯ್ಯುತ್ತದೆ, ಅಲ್ಲಿ ಒಂದು ಚೂರು ಬಿಗಿ ಇರಲಿ. ನಿಂತ ನೀರಿನಲ್ಲಿ ಅಷ್ಟೂ ಬೇಡ.

ಬೆಂದ ರಾಗಿಯನ್ನು ಬಿಟ್ಟೆವು. ಬೆಂದ ಮೇಲೆ ಅದು ಗೋಂದು. ಗೋಧಿಯಲ್ಲೂ ಜಿಗುಟು ಇದೆ, ಒಂದು ಹಿಡಿ ಸಾಕು. ಉಳಿದದ್ದು ಬೂಸಾ, ಕಡಲೆಕಾಯಿ ಹಿಂಡಿ, ರಸ್ಕ್ ಪುಡಿ. ಜೊತೆಗೆ ಕಡ್ಲೆಪುರಿಯನ್ನು ಕೈಯಲ್ಲಿ ಹಿಸುಕಿ ಹಾಕಿದರೆ ಅದು ತೇಲಲು ಒದ್ದಾಡಿ ಹಿಟ್ಟನ್ನು ಒಳಗಿನಿಂದ ಬಿಡಿಸುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಮಿಶ್ರಣದಲ್ಲಿ ಬುದ್ಧಿ ಇರುವುದು ಅದಕ್ಕೊಂದೇ. ಪಶು ಆಹಾರದ ಅಂಗಡಿಯವರು ಇದನ್ನೆಲ್ಲ ತೂಗಿ ಕೊಡುತ್ತಾ, "ದಿನಕ್ಕೆ ಎಷ್ಟು ಲೀಟರ್ ಕರೆಯುತ್ತೆ ಸಾರ್?" ಅಂತ ಕೇಳುತ್ತಾರೆ. ಭಾವ ಮುಖ ಸಡಿಲಿಸದೆ "ಇನ್ನೂ ಗಬ್ಬ" ಅನ್ನುತ್ತಾರೆ.

ಕಷ್ಟ ಇರುವುದು ನೀರು ಹಾಕುವುದರಲ್ಲಿ. ಚಿಮುಕಿಸಿ, ಬೆರೆಸಿ, ಕಾಲು ಗಂಟೆ ಬಿಡಬೇಕು. ಬೂಸಾ ನಿಧಾನವಾಗಿ ನೀರು ಕುಡಿಯುತ್ತದೆ. ಈಗ ಸರಿ ಅನ್ನಿಸಿದ್ದು ಆಮೇಲೆ ಒಣಗಿರುತ್ತದೆ, ಮತ್ತೆ ಚಿಮುಕಿಸಬೇಕು. ಕೊನೆಗೆ ಜರಡಿ ಹಿಡಿಯಬೇಕು. ಗಂಟು ಇದ್ದರೆ ಮೀನು ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡು ಹೋಗುತ್ತದೆ, ಕೊಕ್ಕೆಯ ಕಡೆ ತಿರುಗಿಯೂ ನೋಡುವುದಿಲ್ಲ. ಹಿಡಿಯಲ್ಲಿ ಒತ್ತಿದರೆ ಕೂಡಬೇಕು, ಬೆರಳು ತಾಗಿಸಿದರೆ ಒಡೆಯಬೇಕು, ಅದೇ ಹದ. ತುಂಬುವಾಗ ಎರಡು ತುದಿಯನ್ನು ಮಾತ್ರ ಹೆಬ್ಬೆರಳಿಂದ ಅದುಮಿ ನಡುವೆ ಸಡಿಲ ಬಿಡಬೇಕು. ಭಾವನಿಗೆ ಇದೊಂದು ಇನ್ನೂ ಆಗುವುದಿಲ್ಲ. ಕೈ ತಾನಾಗಿಯೇ ಉರುಳಿಸಲು ಶುರು ಮಾಡುತ್ತದೆ. "ಭಾವ, ಮುದ್ದೆ!" ಅಂತ ನಾನು ಕೂಗಬೇಕು.

ಈಗೀಗ ಹಿಟ್ಟು ಬಿಡುತ್ತಿದೆ. ಗೆಂಡೆ ಬರುತ್ತದೆ, ಜಿಲೇಬಿ ಮೀನು ಬೇಡ ಅಂದರೂ ಬರುತ್ತದೆ. ಅಕ್ಕನ ರವೆ ಜರಡಿ ಮಾತ್ರ ಹಿಂಡಿ ವಾಸನೆ ಹೊಡೆದು, ಮನೆಗೆ ವಾಪಸ್ ಹೋಗುವ ಸ್ಥಿತಿಯಲ್ಲಿಲ್ಲ. ಅಡುಗೆ ಮನೆಯಲ್ಲಿ ಅದಕ್ಕಾಗಿ ಹುಡುಕಾಟ ಶುರುವಾಗಿದೆ. ಭಾವ ನನ್ನ ಹೆಸರು ಹೇಳುವ ಮೊದಲು ನಾನು ಭಾವನ ಹೆಸರು ಹೇಳಬೇಕು.