ಸರಳವಾಗಿದ್ದರೆ ಟೆಂಡರಿಗೆ ಅನರ್ಹ

ಬಳ್ಳಾರಿಯವರ ಕತ್ತಿನ ಬಗ್ಗೆ ಸರ್ಕಾರಕ್ಕೆ ಕಾಳಜಿಯಿಲ್ಲ ಎನ್ನುವವರು ಹೆಸರು ಹೇಳಬಾರದ ಆ ಆಸ್ಪತ್ರೆಯ ಉಗ್ರಾಣವನ್ನೊಮ್ಮೆ ನೋಡಬೇಕು. ಅದಿರು ಲಾರಿಗಳು ಕೆಡಿಸಿದ ರಸ್ತೆಯಲ್ಲಿ ಬೈಕ್ ಓಡಿಸಿ ಕತ್ತು ಹಿಡಿದುಕೊಂಡು ಬರುವವರಿಗಾಗಿಯೇ ಅಲ್ಲೊಂದು ವಿದೇಶಿ ರಿಟ್ರ್ಯಾಕ್ಟರ್ ಪೆಟ್ಟಿಗೆಯಿದೆ; ಶಸ್ತ್ರಚಿಕಿತ್ಸೆಯ ಹೊತ್ತಿಗೆ ಅಂಗಗಳನ್ನು ಪಕ್ಕಕ್ಕೆ ಸರಿಸಿ ಹಿಡಿಯುವ ಸಾಧನವದು. ಒಳಗೆ ಕತ್ತರಿಸದೆ ಬರೀ ಸರಿಸಿ ಹಿಡಿಯುವ ಹತ್ತಾರು ಬ್ಲೇಡು, ಸ್ಕ್ರೂ, ಕೀಲು, ಜೊತೆಗೆ ಜರ್ಮನ್ ಭಾಷೆಯ ಕೈಪಿಡಿ. ಒಂದು ಸ್ಕ್ರೂ ಕಳೆದರೂ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬರುತ್ತದೆ. ಆದ್ದರಿಂದ ಪೆಟ್ಟಿಗೆ ವರ್ಷಕ್ಕೊಮ್ಮೆ, ದಾಸ್ತಾನು ಎಣಿಸುವ ದಿನ ಮಾತ್ರ ತೆರೆಯುತ್ತದೆ.

ಶಸ್ತ್ರಚಿಕಿತ್ಸೆ ನಿಂತಿಲ್ಲ, ಪಾಪ. ಕತ್ತಿನ ಮುಂಭಾಗದಿಂದ ಬೆನ್ನುಮೂಳೆಗೆ ಹೋಗುವ ದಾರಿಯನ್ನು ವೈದ್ಯರು 1950ರ ದಶಕದಲ್ಲೇ ಕಂಡುಕೊಂಡಿದ್ದಾರೆ. ಶ್ವಾಸನಾಳ, ಅನ್ನನಾಳಗಳನ್ನು ಒಂದು ಪಕ್ಕಕ್ಕೂ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಇನ್ನೊಂದು ಪಕ್ಕಕ್ಕೂ ಸರಿಸಿ, ಕೆಲಸ ಮುಗಿಯುವ ತನಕ ಹಾಗೆಯೇ ಹಿಡಿದಿರಬೇಕು. ಹೆಚ್ಚು ಹೊತ್ತು ಬಿಗಿಯಾಗಿ ಎಳೆದರೆ ರೋಗಿಗೆ ನುಂಗಲು ಕಷ್ಟ, ದನಿ ಒಡೆಯುವುದೂ ಉಂಟು. ನಡುನಡುವೆ ಸಡಿಲಿಸಿದರೆ ಒಳ್ಳೆಯದು. ಪೆಟ್ಟಿಗೆಗೆ ಬೀಗವಿರುವುದರಿಂದ ಆ ಹಿಡಿಯುವ ಕೆಲಸ ಸ್ನಾತಕೋತ್ತರ ವಿದ್ಯಾರ್ಥಿಯ ಕೈಗೆ ಬಂದಿದೆ. ಬಾಗಿ ನಿಂತು ಎಳೆಯುತ್ತಾ ಎಳೆಯುತ್ತಾ ಅವನ ಕತ್ತೂ ಹಿಡಿದುಕೊಂಡಿದೆ. ಹೊರರೋಗಿ ಚೀಟಿ ಮಾಡಿಸಿದ್ದಾನಂತೆ.

ಅಲ್ಲಿನ ವೈದ್ಯರೊಬ್ಬರಿಗೆ ಇದು ಸಹಿಸಲಾಗಲಿಲ್ಲ. ತಾವೇ ಒಂದು ಸರಳ ರಿಟ್ರ್ಯಾಕ್ಟರ್ ಯೋಚಿಸಿದರು. ಎರಡು ಬ್ಲೇಡು, ಅವನ್ನು ಅಗಲಿಸಿ ನಿಲ್ಲಿಸುವ ಒಂದು ಹಲ್ಲುಪಟ್ಟಿ, ಹೆಬ್ಬೆರಳಿನಲ್ಲಿ ಒತ್ತಿದರೆ ಸಡಿಲವಾಗುವ ಒಂದು ಗುಂಡಿ. ಉಪಕರಣಗಳ ಸೂಕ್ಷ್ಮಾಣು ಕೊಲ್ಲುವ ಆಟೊಕ್ಲೇವ್‌ನ ಶಾಖಕ್ಕೂ ಜಗ್ಗದ ಸ್ಟೀಲ್. ಬ್ಲೇಡಿನ ತುದಿ ಮೂಳೆಯ ಮುಂದಿನ ಸ್ನಾಯುವಿನ ಅಡಿಯಲ್ಲಿ ನಿಲ್ಲುವಂತೆ ಕಾಗದದ ಮೇಲೆ ಬರೆದು ಖರೀದಿ ಸಮಿತಿಯ ಮುಂದಿಟ್ಟರು.

ಸಮಿತಿ ಕಾಗದವನ್ನು ತಿರುಗಿಸಿ ಹಿಂಬದಿ ನೋಡಿತು. ‘ಉಳಿದ ಭಾಗಗಳೆಲ್ಲಿ, ಡಾಕ್ಟರೇ?’

ಇಷ್ಟೇ ಎಂದರು ವೈದ್ಯರು. ಇಷ್ಟೇ ಆದರೆ ದೊಡ್ಡ ಬೆಲೆ ಹೇಗೆ ಹಾಕುವುದು ಎಂದು ಒಬ್ಬರು ಕೇಳಿದರು. ಇದನ್ನು ಈ ಮೊದಲು ಮೂರು ಆಸ್ಪತ್ರೆಗಳಿಗೆ ಪೂರೈಸಿದ ಪ್ರಮಾಣಪತ್ರ ಬೇಕು ಎಂದರು ಇನ್ನೊಬ್ಬರು. ಇನ್ನೂ ಹುಟ್ಟದ ಸಾಧನಕ್ಕೆ ಅನುಭವ ಪ್ರಮಾಣಪತ್ರ! ಸಂಡೂರಿನ ಮಣ್ಣಲ್ಲೇ ಕಬ್ಬಿಣವಿದೆ, ಇಲ್ಲಿಯೇ ಮಾಡಿಸಬಹುದು ಎಂಬ ಮಾತಿಗೆ ಸಮಿತಿ ನಕ್ಕಿತು. ನಮ್ಮ ಅದಿರು ಹಡಗು ಹತ್ತಿ ಹೋಗಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮರಳಿದರಷ್ಟೇ ಅದಕ್ಕೆ ವೈದ್ಯಕೀಯ ಗುಣ ಬರುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ.

ವೈದ್ಯರು ಬುದ್ಧಿವಂತರು. ಹಳೆಯ ನಕ್ಷೆಗೆ ಒಂಬತ್ತು ಸ್ಕ್ರೂ, ಎರಡು ಕೀಲು ಸೇರಿಸಿ ಮತ್ತೆ ಸಲ್ಲಿಸಿದ್ದಾರೆ. ಅವು ಏನನ್ನೂ ಹಿಡಿಯುವುದಿಲ್ಲ. ಕಡತ ಮುಂದಿನ ಮೇಜಿಗೆ ಹೋಗಿದೆ.