ಸೋತವರಿಗೇ ಮೊದಲ ಪಂಕ್ತಿ

2018ರ ಜನವರಿ 6ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಂದು ವಿಜಯೋತ್ಸವ ನಡೆಯಿತು. ಈರಿ ಸರೋವರದ ದಂಡೆ, ಮೂಳೆ ಕೊರೆಯುವ ಚಳಿ, ಸಾವಿರಾರು ಜನ. ಊರಿನ ಫುಟ್‌ಬಾಲ್ ತಂಡ ಬ್ರೌನ್ಸ್ ಆ ಋತುವಿನಲ್ಲಿ 16 ಪಂದ್ಯ ಆಡಿ 16ರಲ್ಲೂ ಸೋತಿತ್ತು. ಅದಕ್ಕೆ ‘ಪರಿಪೂರ್ಣ ಋತು’ ಎಂದು ಹೆಸರಿಟ್ಟು ಅಭಿಮಾನಿಗಳು ಮೆರವಣಿಗೆ ಹೊರಟರು. ಮೇಲಿನಿಂದ ನೋಡಿದವರಿಗೆ ಸೊನ್ನೆ ಕಾಣಲಿ ಎಂದು ಕ್ರೀಡಾಂಗಣಕ್ಕೆ ಸುತ್ತು ಹಾಕಿದರು. ಹೊರಗಿನವರು ಇದನ್ನು ಗೇಲಿ ಎಂದುಕೊಂಡರು. ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ನಿಯಮ ಬಲ್ಲವರಿಗೆ ಅದು ನಿಜವಾದ ವಿಜಯೋತ್ಸವವೇ.

ಇಲ್ಲಿ ಫುಟ್‌ಬಾಲ್ ಎಂದರೆ ಮೆಸ್ಸಿ ಆಡುವುದಲ್ಲ. ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುವ ಆಟ. ಲೀಗ್‌ನಲ್ಲಿ 32 ತಂಡಗಳು. ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಆಟ ಮುಗಿಸಿದ ಹುಡುಗರನ್ನು ಹಂಚಿಕೊಳ್ಳಲು ಏಳು ಸುತ್ತಿನ ಡ್ರಾಫ್ಟ್. ಐಪಿಎಲ್ ಹರಾಜಿನಂತೆ ಫಲಕ ಎತ್ತಿ ಬೆಲೆ ಕೂಗುವ ಹಾಗಿಲ್ಲ. ಸರದಿ ಬಂದಾಗ ಹೆಸರು ಹೇಳಬೇಕು, ಅಷ್ಟೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಪಂಕ್ತಿ. ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ಗೆದ್ದವರಿಗೆ ಕೊನೆಯ ಪಂಕ್ತಿ, ಅಷ್ಟೊತ್ತಿಗೆ ಹೋಳಿಗೆ ಮುಗಿದು ಅನ್ನ–ಸಾರು ಉಳಿದಿರುತ್ತದೆ. ಮಾರುಕಟ್ಟೆಯೇ ದೇವರು ಎಂದು ಜಗತ್ತಿಗೆಲ್ಲ ಬೋಧಿಸುವ ದೇಶ, ತನ್ನ ಅತ್ಯಂತ ಶ್ರೀಮಂತ ಕ್ರೀಡೆಯೊಳಗೆ ಮಾತ್ರ ಅಪ್ಪಟ ಸಮಾಜವಾದಿ.

ಈ ಸಮಾಜವಾದದ ಪ್ರವರ್ತಕ ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್. ಅವರ ತಂಡ ಮೊದಲಿನಿಂದಲೂ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, 1935ರಲ್ಲಂತೂ ಎರಡೇ ಪಂದ್ಯ ಗೆದ್ದು ತಳ ಸೇರಿತು. ಸೋತವರಿಗೆ ಮೊದಲು ಬಡಿಸಬೇಕು ಎಂಬ ಉದಾತ್ತ ವಿಚಾರ ಹೊಳೆದದ್ದು ಅಂಥವರಿಗೇ ಎಂಬುದರಲ್ಲಿ ಆಶ್ಚರ್ಯವಿಲ್ಲ. 1936ರ ಮೊದಲ ಡ್ರಾಫ್ಟ್‌ನ ಮೊದಲ ಆಯ್ಕೆ ಬೆಲ್ ಅವರದೇ ಆಯಿತು. ಅವರು ಆರಿಸಿದ ಜೇ ಬರ್ವ್ಯಾಂಗರ್ ವೃತ್ತಿಪರ ಫುಟ್‌ಬಾಲ್ ಒಂದು ದಿನವೂ ಆಡಲಿಲ್ಲ. ಕೊಡುವ ದುಡ್ಡು ಸಾಲದು ಎಂದು ಬೇರೆ ಉದ್ಯೋಗ ನೋಡಿಕೊಂಡರು. ಪದ್ಧತಿಯ ಜಾತಕ ಹುಟ್ಟಿದ ದಿನವೇ ಬರೆದಾಗಿತ್ತು. ಓದುವ ವ್ಯವಧಾನ ಯಾರಿಗೂ ಇರಲಿಲ್ಲ.

ಹಾಗೆಂದು ಬರೀ ಸೋತರೆ ಸಾಲದು, ಸೋಲಿನಿಂದ ಬಂದದ್ದನ್ನು ಮತ್ತೆ ಸೋಲಾಗಿ ಪರಿವರ್ತಿಸುವ ಕೌಶಲ ಬೇಕು. ಅದರಲ್ಲಿ ಬ್ರೌನ್ಸ್‌ಗೆ ಸರಿಸಾಟಿ ಇಲ್ಲ. 1999ರಲ್ಲಿ ಲೀಗ್‌ಗೆ ಮರಳಿದ ಮೇಲೆ 40ಕ್ಕೂ ಹೆಚ್ಚು ಕ್ವಾರ್ಟರ್‌ಬ್ಯಾಕ್‌ಗಳನ್ನು ಕಣಕ್ಕಿಳಿಸಿದ ತಂಡ ಅದು. ಚೆಂಡು ಎಸೆದು ಇಡೀ ಆಟ ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಒಬ್ಬ ಒಳ್ಳೆಯವನು ಸಿಕ್ಕರೆ ಹದಿನೈದು ವರ್ಷ ಚಿಂತೆಯಿಲ್ಲ. ಚಿಂತೆಯೇ ಇಲ್ಲದಿದ್ದರೆ ಆಡಳಿತ ಮಂಡಳಿಗೆ ಕೆಲಸವೇನು?

ಕೆಲಸ ಶುರುವಾಗುವುದು ಫೆಬ್ರವರಿ ಕೊನೆಗೆ, ಇಂಡಿಯಾನಾಪೊಲಿಸ್‌ನ ‘ಕಂಬೈನ್’ನಲ್ಲಿ. ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಚಡ್ಡಿಯಲ್ಲಿ ನಿಲ್ಲಿಸಿ ಎತ್ತರ, ತೂಕ, ತೋಳಿನ ಉದ್ದ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಅಂಗೈ ಹರವು, ಎಲ್ಲ ಅಳೆಯುತ್ತಾರೆ. 102 ಕೆಜಿ ತೂಕವನ್ನು ಮಲಗಿಕೊಂಡು ಎಷ್ಟು ಸಲ ಎತ್ತಿದ, 40 ಗಜ ಎಷ್ಟು ಸೆಕೆಂಡಿನಲ್ಲಿ ಓಡಿದ ಎಂದು ಬರೆದುಕೊಳ್ಳುತ್ತಾರೆ. ಪಂದ್ಯದಲ್ಲಿ ಎದುರಿಗೆ ಯಾರೂ ಇಲ್ಲದೆ 40 ಗಜ ನೇರ ಓಡುವ ಸಂದರ್ಭ ಕ್ವಾರ್ಟರ್‌ಬ್ಯಾಕ್‌ಗೆ ಬರುವುದು ಅಪರೂಪ. ಆದರೆ ಸ್ಟಾಪ್‌ವಾಚ್ ಕೊಂಡಾಗಿದೆಯಲ್ಲ. 2000ದಲ್ಲಿ 5.28 ಸೆಕೆಂಡು ತೆಗೆದುಕೊಂಡು ಏದುಸಿರು ಬಿಟ್ಟ ಒಬ್ಬ ಹುಡುಗ ಆರನೇ ಸುತ್ತಿನಲ್ಲಿ 199ನೆಯವನಾಗಿ ಹೋದ. ಟಾಮ್ ಬ್ರೇಡಿ; ಏಳು ಸೂಪರ್ ಬೌಲ್. ಅದೇ ಸುತ್ತಿನಲ್ಲಿ, 183ನೇ ಆಯ್ಕೆಯಲ್ಲಿ, ಬ್ರೌನ್ಸ್ ಕೂಡ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನೇ ಆರಿಸಿತ್ತು: ಸ್ಪರ್ಗನ್ ವಿನ್. ಬ್ರೌನ್ಸ್ ಪರವಾಗಿ ಅವರು ಆರಂಭಿಸಿದ್ದು ಒಂದೇ ಪಂದ್ಯ.

ಮಾರ್ಚ್ ಬಂತೆಂದರೆ ಒಪ್ಪಂದ ಮುಗಿದ ಆಟಗಾರರ ಸಂತೆ. ಲೀಗ್ ವರ್ಷ ಆರಂಭವಾಗುವ ಮುಂಚೆ ಬೇರೆ ತಂಡದ ಆಟಗಾರನ ಜೊತೆ ಮಾತಾಡುವುದು ಅಪರಾಧ. ಆದರೆ ಕೊನೆಯ 52 ಗಂಟೆಗಳಲ್ಲಿ ಅವನ ಏಜೆಂಟ್ ಜೊತೆ ಮಾತಾಡಬಹುದು, ಒಪ್ಪಂದ ಕುದುರಿಸಬಹುದು, ಸಹಿ ಮಾತ್ರ ಹಾಕುವಂತಿಲ್ಲ. ಜನ ಇದನ್ನು ‘ಕಾನೂನುಬದ್ಧ ಅಕ್ರಮ’ ಎನ್ನುತ್ತಾರೆ. ಅಳಿಯ ಅಲ್ಲ, ಮಗಳ ಗಂಡ. ಗಡಿಯಾರ ಹನ್ನೆರಡು ಹೊಡೆದು ನಿಮಿಷಗಳಾಗುವಷ್ಟರಲ್ಲಿ ಕೋಟಿ ಕೋಟಿ ಡಾಲರಿನ ಒಪ್ಪಂದಗಳ ಸುದ್ದಿ ಬರುತ್ತದೆ. ಇಷ್ಟು ಬೇಗ ಮಾತು ಮುಗಿಸುವ ಇವರ ಪ್ರತಿಭೆಯನ್ನು ವಿಶ್ವಸಂಸ್ಥೆ ಬಳಸಿಕೊಳ್ಳಬೇಕು.

ಒಂದು ತೊಡಕಿದೆ. ಪ್ರತಿ ತಂಡವೂ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 2025ರಲ್ಲಿ 27.92 ಕೋಟಿ ಡಾಲರ್. ಇದು ಗಟ್ಟಿ ಮಿತಿ, ಮೀರುವಂತಿಲ್ಲ ಎಂದು ಲೀಗ್ ಹೇಳುತ್ತದೆ. ಮೀರುವ ವಿಧಾನ ಹೀಗೆ. ಒಬ್ಬನ ವರ್ಷದ ಸಂಬಳ 4.6 ಕೋಟಿ ಡಾಲರ್ ಎಂದುಕೊಳ್ಳಿ. ಅದರಲ್ಲಿ 10 ಲಕ್ಷ ಮಾತ್ರ ಸಂಬಳವೆಂದು ಬಿಟ್ಟು, ಉಳಿದ 4.5 ಕೋಟಿಗೆ ‘ಬೋನಸ್’ ಎಂದು ಹೆಸರು ಬದಲಿಸಿ. ದುಡ್ಡು ಅವನ ಕೈಗೆ ಈಗಲೇ ಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಬೋನಸನ್ನು ಗರಿಷ್ಠ ಐದು ವರ್ಷಕ್ಕೆ ಹಂಚಬಹುದು, ವರ್ಷಕ್ಕೆ 90 ಲಕ್ಷ. ಈ ವರ್ಷದ ಕ್ಯಾಪ್ ಲೆಕ್ಕಕ್ಕೆ ಬೀಳುವುದು ಒಂದೇ ಕೋಟಿ, 3.6 ಕೋಟಿ ಉಳಿಯಿತು! ಒಪ್ಪಂದದಲ್ಲಿ ಅಷ್ಟು ವರ್ಷ ಬಾಕಿ ಇಲ್ಲವೇ? ಕೊನೆಗೆ ಎರಡು ಮೂರು ಖೊಟ್ಟಿ ವರ್ಷ ಅಂಟಿಸಿ. ಆ ವರ್ಷಗಳಲ್ಲಿ ಅವನು ಆಡುವುದಿಲ್ಲ, ಆಡುವುದಿಲ್ಲವೆಂದು ಇಬ್ಬರಿಗೂ ಗೊತ್ತು, ಹಾಗೆಂದು ಕಾಗದದಲ್ಲೇ ಬರೆದಿರುತ್ತದೆ. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದ ಚಾರ್ವಾಕರು ಇದ್ದಿದ್ದರೆ ಈ ಕಾಗದಕ್ಕೆ ಚೌಕಟ್ಟು ಹಾಕಿಸುತ್ತಿದ್ದರು.

ಕೆಡುವುದು ಎಲ್ಲಿ? ಅವನನ್ನು ತಂಡದಿಂದ ಬಿಟ್ಟ ದಿನ. ಮುಂದಿನ ವರ್ಷಗಳಿಗೆ ಹಂಚಿಟ್ಟ ಬಾಕಿಯೆಲ್ಲ ಒಟ್ಟಿಗೆ ಎದ್ದು ಬಂದು ತಲೆಯ ಮೇಲೆ ಕೂರುತ್ತದೆ. ಇದಕ್ಕೆ ‘ಸತ್ತ ದುಡ್ಡು’ ಎನ್ನುತ್ತಾರೆ. ಜೂನ್ 1ರ ನಂತರ ಬಿಟ್ಟಂತೆ ತೋರಿಸಿದರೆ ಆ ಹೊರೆ ಎರಡು ವರ್ಷಕ್ಕೆ ಹರಿಯುತ್ತದೆ, ಕರಗುವುದಿಲ್ಲ. ರಸೆಲ್ ವಿಲ್ಸನ್‌ರನ್ನು ಕೈಬಿಟ್ಟು ಡೆನ್ವರ್ ತಂಡ 2024 ಮತ್ತು 2025ರಲ್ಲಿ ಹೊತ್ತದ್ದು ಸುಮಾರು 8.5 ಕೋಟಿ ಡಾಲರ್. ಅದು ದಾಖಲೆಯಾಗಿತ್ತು. ಬ್ರೌನ್ಸ್ ಇದಕ್ಕೆ ಉತ್ತರ ಕೊಡದೆ ಸುಮ್ಮನಿರುವ ತಂಡವಲ್ಲ.

ಆ ಉತ್ತರದ ಮೊದಲ ಅಧ್ಯಾಯ 2017ರ ಡ್ರಾಫ್ಟ್. ಬ್ರೌನ್ಸ್ ಕೈಯಲ್ಲಿ 12ನೇ ಆಯ್ಕೆ ಇತ್ತು, ಕ್ವಾರ್ಟರ್‌ಬ್ಯಾಕ್ ಇರಲಿಲ್ಲ. ಡ್ರಾಫ್ಟ್‌ನ ಸರದಿಗಳನ್ನು ತಂಡಗಳು ಅದಲುಬದಲು ಮಾಡಿಕೊಳ್ಳಬಹುದು; ಆಯ್ಕೆಯನ್ನು ಹ್ಯೂಸ್ಟನ್ ತಂಡಕ್ಕೆ ದಾಟಿಸಿದರು. ಹ್ಯೂಸ್ಟನ್ ಅದರಲ್ಲಿ ಡೆಶಾನ್ ವಾಟ್ಸನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಎತ್ತಿಕೊಂಡಿತು. ಆಗ ಸುಮ್ಮನೆ ಕೈ ಚಾಚಿದ್ದರೆ ಸಿಗುತ್ತಿದ್ದ ಅದೇ ವಾಟ್ಸನ್‌ಗಾಗಿ 2022ರ ಮಾರ್ಚ್‌ನಲ್ಲಿ ಬ್ರೌನ್ಸ್ ಅದೇ ಹ್ಯೂಸ್ಟನ್‌ಗೆ 2022, 2023, 2024ರ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟಿತು. ಮೇಲೆ ಕೊಸರಿಗೆ ಕೆಳಗಿನ ಸುತ್ತಿನವು ಮೂರು. ಜೊತೆಗೆ ಆಟಗಾರನಿಗೆ ಐದು ವರ್ಷಕ್ಕೆ 23 ಕೋಟಿ ಡಾಲರ್, ಪ್ರತಿ ಪೈಸೆಯೂ ಖಾತರಿ. ಬಿದ್ದರೂ, ಎದ್ದರೂ, ಮಲಗಿದರೂ ಸಿಗುವ ದುಡ್ಡು. 2023ರ ಆ ಮೊದಲ ಸುತ್ತಿನ ಆಯ್ಕೆ ಎಷ್ಟನೆಯದಾಯಿತು ಗೊತ್ತೆ? ಹನ್ನೆರಡನೆಯದು. ಒಬ್ಬನೇ ಆಟಗಾರನ ಸಲುವಾಗಿ ಒಂದೇ ಸಂಖ್ಯೆಯ ಆಯ್ಕೆಯನ್ನು ಒಂದೇ ತಂಡಕ್ಕೆ ಎರಡು ಸಲ ಕೊಟ್ಟ ಸಾಧನೆಗೆ ಪ್ರಶಸ್ತಿ ಇನ್ನೂ ಸ್ಥಾಪನೆಯಾಗಿಲ್ಲ.

ಆ ಹೊತ್ತಿಗೆ ವಾಟ್ಸನ್ ವಿರುದ್ಧ 20ಕ್ಕೂ ಹೆಚ್ಚು ಮಹಿಳೆಯರು ಲೈಂಗಿಕ ದುರ್ವರ್ತನೆಯ ಸಿವಿಲ್ ದಾವೆ ಹೂಡಿದ್ದರು. ಅವರು ಆರೋಪಗಳನ್ನು ಅಲ್ಲಗಳೆದಿದ್ದರು. ಲೀಗ್ ಅಮಾನತು ಮಾಡಬಹುದೆಂದು ಎಲ್ಲರಿಗೂ ಗೊತ್ತಿತ್ತು. ಅಮಾನತಾದವನಿಗೆ ಕಡಿತವಾಗುವುದು ಸಂಬಳ, ಬೋನಸ್ ಅಲ್ಲ. ಬ್ರೌನ್ಸ್‌ನ ಲೆಕ್ಕಿಗರು ಮೊದಲ ವರ್ಷದ 4.6 ಕೋಟಿಯಲ್ಲಿ ಸಂಬಳವನ್ನು 10.35 ಲಕ್ಷಕ್ಕೆ ಇಳಿಸಿದರು. 11 ಪಂದ್ಯಗಳ ಅಮಾನತು ಬಂತು. ಸಂಬಳ ಇಳಿಸದಿದ್ದರೆ ಸುಮಾರು 2.8 ಕೋಟಿ ಹೋಗಬೇಕಿತ್ತು, ಹೋದದ್ದು 6.3 ಲಕ್ಷ. ಲೀಗ್ 50 ಲಕ್ಷ ದಂಡ ಹಾಕಿತು ಅನ್ನುವುದೂ ನಿಜ. ಮೈದಾನದಲ್ಲಿ ಒಂದೂ ಆಟ ಸರಿಯಾಗಿ ಯೋಜಿಸಲಾಗದ ತಂಡ ಈ ಒಂದು ವಿಷಯದಲ್ಲಿ ತೋರಿದ ದೂರದೃಷ್ಟಿ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಮೂರು ಋತುವಿನಲ್ಲಿ ವಾಟ್ಸನ್ ಆಡಿದ್ದು 19 ಪಂದ್ಯ: ಆರು, ಆರು, ಏಳು. ಅಮಾನತು, ಭುಜ, ಹಿಮ್ಮಡಿಯ ಸ್ನಾಯುರಜ್ಜು ಹೀಗೆ ಕಾರಣಗಳೂ ಸರದಿಯಲ್ಲೇ ಬಂದವು. ಹ್ಯೂಸ್ಟನ್ ಆ 12ನೇ ಆಯ್ಕೆಯ ಮೇಲೆ ಇನ್ನಷ್ಟು ಸೇರಿಸಿ ಮೂರನೇ ಸ್ಥಾನಕ್ಕೇರಿ ವಿಲ್ ಆಂಡರ್ಸನ್‌ರನ್ನು ತಂದಿತು. ಅವರು ಅದೇ ವರ್ಷ ರಕ್ಷಣಾ ವಿಭಾಗದ ಶ್ರೇಷ್ಠ ಹೊಸಬ ಎನಿಸಿದರು. 2024ರ ಜನವರಿಯಲ್ಲಿ ಪ್ಲೇಆಫ್‌ನಲ್ಲಿ ಎರಡೂ ತಂಡ ಎದುರಾದಾಗ ಹ್ಯೂಸ್ಟನ್ 45, ಕ್ಲೀವ್‌ಲ್ಯಾಂಡ್ 14. ತಾನು ಕಳಿಸಿದ ಸರಕಿನ ಗುಣಮಟ್ಟವನ್ನು ಬ್ರೌನ್ಸ್ ಸ್ವತಃ ಪರೀಕ್ಷಿಸಿ ನೋಡಿದಂತಾಯಿತು. ಅಂದಹಾಗೆ, 2021ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ಗೆ ಹೋಗಿ ಪ್ಲೇಆಫ್ ಗೆದ್ದುಕೊಟ್ಟ ಬೇಕರ್ ಮೇಫೀಲ್ಡ್ ಎಂಬ ಕ್ವಾರ್ಟರ್‌ಬ್ಯಾಕ್ ಇದೇ ತಂಡದಲ್ಲಿದ್ದರು, 2018ರ ಮೊದಲ ಆಯ್ಕೆ. ಪರಿಪೂರ್ಣ ಸೊನ್ನೆಯ ಫಲ. ವಾಟ್ಸನ್ ಬಂದ ಮೇಲೆ ಅವರನ್ನು ಕೆಳ ಸುತ್ತಿನ ಒಂದು ಆಯ್ಕೆಗೆ ಸಾಗಹಾಕಿ, ಸಂಬಳದಲ್ಲೂ ಒಂದು ಕೋಟಿ ಡಾಲರಿಗೂ ಹೆಚ್ಚು ತಾವೇ ಕಟ್ಟಿದರು. ಟ್ಯಾಂಪಾದಲ್ಲಿ ಅವರು ಈಗ ಚೆನ್ನಾಗಿದ್ದಾರೆ. ಕ್ಲೀವ್‌ಲ್ಯಾಂಡ್ ಬಿಟ್ಟವರು ಹಾಗೆ ಆಗುವುದುಂಟು.

ಇನ್ನು ಏಪ್ರಿಲ್. ಆಯ್ಕೆಗಳನ್ನು ಅದಲುಬದಲು ಮಾಡಲು ಒಂದು ದರಪಟ್ಟಿ ಇದೆ, 1990ರ ದಶಕದ ಆರಂಭದಲ್ಲಿ ಡಲ್ಲಾಸ್ ತಂಡ ಮಾಡಿಕೊಂಡದ್ದು: ಮೊದಲ ಆಯ್ಕೆಗೆ 3000 ಅಂಕ, ಎರಡಕ್ಕೆ 2600, ಮೂರಕ್ಕೆ 2200, 32ನೆಯದಕ್ಕೆ 590. ಪಟ್ಟಿ ನೋಡದೆ ವ್ಯಾಪಾರ ಮಾಡಿದರೆ ಏನಾಗುತ್ತದೆಂದು ತಿಳಿಯಲು 2012ಕ್ಕೆ ಹೋಗಬೇಕು. ನಾಲ್ಕನೇ ಸ್ಥಾನದಲ್ಲಿದ್ದ ಬ್ರೌನ್ಸ್, ಟ್ರೆಂಟ್ ರಿಚರ್ಡ್‌ಸನ್ ಎಂಬ, ಚೆಂಡು ಹಿಡಿದು ಓಡುವ ಆಟಗಾರನನ್ನು ಯಾರಾದರೂ ಎಗರಿಸಿಬಿಟ್ಟಾರೆಂದು ಹೆದರಿ, ಮಿನೆಸೊಟಾಗೆ ಇನ್ನೂ ಮೂರು ಆಯ್ಕೆ ಕೊಟ್ಟು ಒಂದೇ ಒಂದು ಮೆಟ್ಟಿಲು ಹತ್ತಿತು. 17 ಪಂದ್ಯಗಳ ನಂತರ ಅವನನ್ನು ಮಾರಿತು. ಮಾರಿ ಬಂದ 26ನೇ ಆಯ್ಕೆಗೆ ಮೂರನೇ ಸುತ್ತಿನದೊಂದು ಸೇರಿಸಿ 2014ರಲ್ಲಿ 22ಕ್ಕೇರಿ ಜಾನಿ ಮ್ಯಾಂಝೆಲ್‌ರನ್ನು ತಂದಿತು. ಅವರು ಆರಂಭಿಸಿದ್ದು ಎಂಟು ಪಂದ್ಯ, ಗೆದ್ದದ್ದು ಎರಡು. 2007ರಲ್ಲಿ ಬ್ರೇಡಿ ಕ್ವಿನ್, 2012ರಲ್ಲಿ 28 ವರ್ಷದ ‘ಯುವಪ್ರತಿಭೆ’ ಬ್ರಾಂಡನ್ ವೀಡನ್, 2014ರಲ್ಲಿ ಮ್ಯಾಂಝೆಲ್. ಮೂವರೂ ಕ್ವಾರ್ಟರ್‌ಬ್ಯಾಕ್, ಮೂವರೂ 22ನೇ ಆಯ್ಕೆ, ಮೂವರೂ ಹೋದರು. ಒಂದು ಅಂಗಡಿಯಲ್ಲಿ ಮೂರು ಸಲ ಮೋಸ ಹೋದ ಗಿರಾಕಿ ನಾಲ್ಕನೇ ಸಲ ಬೀದಿ ಬದಲಿಸುತ್ತಾನೆ. ಇವರು ಬದಲಿಸಿದ್ದು ಜನರಲ್ ಮ್ಯಾನೇಜರನ್ನು.

2017ರ ಅಕ್ಟೋಬರ್ 31 ಮಾತ್ರ ಬೇರೆಯೇ ಮಟ್ಟದ್ದು. ಸಿನ್ಸಿನಾಟಿಯ ಮೀಸಲು ಕ್ವಾರ್ಟರ್‌ಬ್ಯಾಕ್ ಎಜೆ ಮೆಕ್ಯಾರನ್‌ಗಾಗಿ ಎರಡನೇ ಮತ್ತು ಮೂರನೇ ಸುತ್ತಿನ ಆಯ್ಕೆ ಕೊಡಲು ಬ್ರೌನ್ಸ್ ಒಪ್ಪಿತು. ಗಡುವು ಸಂಜೆ ನಾಲ್ಕು. ಕಾಗದಪತ್ರ ಸಮಯಕ್ಕೆ ಸಲ್ಲಿಕೆಯಾಗಲಿಲ್ಲ, ವ್ಯವಹಾರ ಮುರಿದುಬಿತ್ತು. ಬ್ರೌನ್ಸ್ ಇತಿಹಾಸದ ಅತಿ ಲಾಭದಾಯಕ ವಹಿವಾಟುಗಳಲ್ಲಿ ಇದೂ ಒಂದು. ಹೀಗೆ ಕೈಯಲ್ಲೇ ಉಳಿದ ಎರಡನೇ ಸುತ್ತಿನ ಆಯ್ಕೆಗಳಲ್ಲಿ ಒಂದರಿಂದಲೇ ಮರುವರ್ಷ ಚೆಂಡು ಹಿಡಿದು ಓಡುವುದರಲ್ಲಿ ನಿಪುಣ ನಿಕ್ ಚಬ್ ಬಂದರು. ತಂಡದ ಭವಿಷ್ಯವನ್ನು ಗುಮಾಸ್ತರ ವಿಳಂಬಕ್ಕೆ ಬಿಡುವುದು ಒಳ್ಳೆಯದೆಂದು ಯಾರೂ ಸಲಹೆ ಕೊಡಲಿಲ್ಲವೇಕೋ.

2025ರಲ್ಲಿ ಬ್ರೌನ್ಸ್ ಎರಡನೇ ಆಯ್ಕೆಯನ್ನು ಜಾಕ್ಸನ್‌ವಿಲ್‌ಗೆ ಕೊಟ್ಟು ಮುಖ್ಯವಾಗಿ 5, 36 ಮತ್ತು 2026ರ ಮೊದಲ ಸುತ್ತಿನ ಆಯ್ಕೆ ಪಡೆಯಿತು. ದರಪಟ್ಟಿಯ ಪ್ರಕಾರ 2600ಕ್ಕೆ ಪ್ರತಿಯಾಗಿ 1700, 540, ಮೇಲೆ ಮುಂದಿನ ವರ್ಷದ ಮೊದಲ ಸುತ್ತು. ನಿಜಕ್ಕೂ ಒಳ್ಳೆಯ ವ್ಯಾಪಾರ. ಗಾಬರಿ ಬೇಡ, ಮರುದಿನವೇ ಸರಿಪಡಿಸಿಕೊಂಡರು. ಮೂರನೇ ಸುತ್ತಿನಲ್ಲಿ 94ನೆಯವನಾಗಿ ಡಿಲನ್ ಗೇಬ್ರಿಯಲ್ ಎಂಬ ಕ್ವಾರ್ಟರ್‌ಬ್ಯಾಕ್. ಅದರ ಮಾರನೆಯ ದಿನ ಐದನೇ ಸುತ್ತಿನಲ್ಲಿ 144ನೆಯವನಾಗಿ ಶೆಡ್ಯೂರ್ ಸ್ಯಾಂಡರ್ಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್. ಆಗಲೇ ಮನೆಯಲ್ಲಿ 40 ವರ್ಷದ ಜೋ ಫ್ಲಾಕೊ ಇದ್ದರು. ಅಂಗೈ ಎಂಟೂವರೆ ಇಂಚು ಎಂದು ಕಂಬೈನ್‌ನಲ್ಲಿ ಸುದ್ದಿಯಾಗಿದ್ದ ಕೆನಿ ಪಿಕೆಟ್ ಇದ್ದರು. ಖಾತರಿ ಸಂಬಳದ ವಾಟ್ಸನ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಒಂದೇ ಸಮಯಕ್ಕೆ ಒಬ್ಬನೇ ಆಡಬಹುದಾದ ಜಾಗಕ್ಕೆ ಐದು ಜನ. ಮರುದಿನ ಬೆಳಗ್ಗೆ ಪತ್ರಿಕೆ, ಟಿವಿಗಳ ಪಂಡಿತರು 32 ತಂಡಗಳಿಗೂ ಎ, ಬಿ, ಸಿ ಎಂದು ಅಂಕ ಹಂಚಿದರು. ಒಬ್ಬ ಹುಡುಗನೂ ಇನ್ನೂ ಅಂಗಿ ತೊಟ್ಟಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಳೆಯ ಮಾತು. ಇಲ್ಲಿ ಕೂಸಿನ ಎಸ್‌ಎಸ್‌ಎಲ್‌ಸಿ ಫಲಿತಾಂಶವೂ ಬಂದಾಗಿತ್ತು.

ಆಗಸ್ಟ್ ಕೊನೆಗೆ 90 ಜನರ ಪಟ್ಟಿಯನ್ನು 53ಕ್ಕೆ ಇಳಿಸಬೇಕು. ಪಿಕೆಟ್ ಲಾಸ್ ವೇಗಸ್‌ಗೆ ಹೋದರು. ಅಕ್ಟೋಬರ್‌ನಲ್ಲಿ ಫ್ಲಾಕೊ ಅವರನ್ನು ಸಿನ್ಸಿನಾಟಿಗೆ ಕಳಿಸಿದರು. ಸಿನ್ಸಿನಾಟಿ ಬ್ರೌನ್ಸ್‌ನ ಗುಂಪಿನಲ್ಲೇ ಇರುವ ತಂಡ, ವರ್ಷಕ್ಕೆ ಎರಡು ಸಲ ಎದುರಾಗಲೇಬೇಕು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು ಆಟ ಕುಸಿಯುತ್ತಿತ್ತು, ಪಾಪ ಅನ್ನಿಸಿರಬೇಕು. ಪ್ರತಿಯಾಗಿ ಬಂದದ್ದು ಒಂದು ಐದನೇ ಸುತ್ತಿನ ಆಯ್ಕೆ, ಅದಕ್ಕೂ ಇವರು ಕೈಯಿಂದ ಒಂದು ಆರನೇ ಸುತ್ತಿನದನ್ನು ಚೇಂಜ್ ಕೊಟ್ಟರು. ಐದನೇ ಸುತ್ತೆಂದರೆ ಸ್ಯಾಂಡರ್ಸ್ ಸಿಕ್ಕ ಸುತ್ತು. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಜಾಗವಂತೂ ಖಾಲಿಯಾಗಿತ್ತು.